ಒಂದೇ ವಾರದಲ್ಲಿ ಎರಡಿಂಚು

ಸಂಖ್ಯಾಶಾಸ್ತ್ರದಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ನಾಚಿಕೆಯಾಗಬೇಕಾದದ್ದು ಆ ಪುಸ್ತಕ ಬರೆದವರಿಗೆ. ಮೊದಲನೇ ಪಾಠದಲ್ಲೇ ಒಂದು ಚೀಲ, ಅದರೊಳಗೆ ಐದು ಕೆಂಪು ಚೆಂಡು, ಏಳು ಕಪ್ಪು ಚೆಂಡು. ನೋಡದೆ ಕೈ ಹಾಕಿ ಒಂದನ್ನು ತೆಗೆಯಬೇಕಂತೆ. ಯಾಕೆ ನೋಡಬಾರದು? ಕಣ್ಣಿಗೇನು ಬಂದಿದೆ ದೊಡ್ಡ ರೋಗ? ಇಪ್ಪತ್ತಾರು ವರ್ಷ ಹೊಲಿಗೆ ಅಂಗಡಿ ನಡೆಸಿದವಳು ನಾನು. ಗುಂಡಿ ಡಬ್ಬಿಗೆ ನೋಡದೆ ಕೈ ಹಾಕಿದರೆ ಸೂಜಿ ಚುಚ್ಚುತ್ತದೆ, ಅಷ್ಟೇ ಸಂಭವ. ಹಾಗಂತ ಪರೀಕ್ಷೆಯಲ್ಲಿ ಬರೆದೂ ಬಿಟ್ಟೆ. ಸೊನ್ನೆ ಕೊಟ್ಟರು.

ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಕಾಲೇಜು ಯಾಕಮ್ಮ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ: ಹೋಗಿ ಆ ಸುತ್ತೋಲೆ ಬರೆದವನನ್ನು ಕೇಳಿ. ಹೆಂಗಸರ ಹೊಲಿಗೆ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಬೆಳಗಿನ ಹೊತ್ತು ನಾನು ಪಾಠ ಹೇಳುತ್ತೇನೆ. ಕತ್ತರಿ ಹಿಡಿಯಲು ಬಾರದೆ ಬಂದ ನೂರಾರು ಹುಡುಗಿಯರು ಕೋಟು ಹೊಲಿಯಲು ಕಲಿತು ಹೋಗಿದ್ದಾರೆ. ನಾಲ್ಕು ವರ್ಷದ ಹಿಂದೆ ಒಂದು ಸುತ್ತೋಲೆ ಬಂತು. ಪದವಿ ಇಲ್ಲದ ಶಿಕ್ಷಕಿಯರನ್ನು ನಾಲ್ಕು ವರ್ಷದ ನಂತರ ಮುಂದುವರಿಸುವುದಿಲ್ಲವಂತೆ. ಗುಂಡಿಯ ಕಾಜಾ ಹೊಲಿಯುವುದಕ್ಕೆ ಪದವಿ! ಸರಿ, ಸಂಜೆ ಕಾಲೇಜಿಗೆ ಸೇರಿದೆ. ಮಿಕ್ಕ ಎಲ್ಲ ವಿಷಯವನ್ನೂ ಹೇಗೋ ದಾಟಿದೆ. ಸಂಖ್ಯಾಶಾಸ್ತ್ರವೊಂದು ಗಂಟಲಿಗೆ ಸಿಕ್ಕಿಕೊಂಡಿತು. ಗಡುವು ಮುಗಿಯುವ ಮೊದಲು ಇದೇ ಕೊನೆಯ ಅವಧಿ. ಈ ಸಲ ದಾಟಿದರೆ ಕೆಲಸ ಉಂಟು, ಇಲ್ಲದಿದ್ದರೆ ಆ ಹುಡುಗಿಯರ ಮುಖ ನೋಡುವ ಭಾಗ್ಯವೂ ಇಲ್ಲ. ಅಂಗಡಿಯಿಂದ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಆ ಬೆಳಗಿನ ಪಾಠವಿಲ್ಲದೆ ನನಗೆ ದಿನ ಶುರುವಾಗುವುದೇ ಇಲ್ಲ.

ನಮ್ಮ ಮೇಷ್ಟ್ರು ನನ್ನ ಮಗನ ವಯಸ್ಸಿನವರು. ಪಾಪ, ಒಳ್ಳೆಯವರೇ. ಆದರೆ ಬಾಯಿ ಬಿಟ್ಟರೆ ಸರಾಸರಿ. “ಸರಾಸರಿ ತಗೊಂಡ್ರೆ ನಾನು ದಿನಕ್ಕೆ ಎರಡೂಕಾಲು ಕಪ್ ಕಾಫಿ ಕುಡೀತೀನಿ” ಎನ್ನುವರು. ಆ ಕಾಲು ಕಪ್ ಇವರಿಗೆ ಯಾರು ಕೊಡುತ್ತಾರೋ! ಹಿಂದಿನ ಬೆಂಚಿನ ನಾವು ಅವರಿಗೆ ಸರಾಸರಿ ಮೇಷ್ಟ್ರು ಎಂದೇ ಹೆಸರಿಟ್ಟಿದ್ದೆವು. ನಾವು ಅಂದರೆ ನಾನು ಮತ್ತು ಕಂಡಕ್ಟರ್. ಕಂಡಕ್ಟರ್ ಸಿಟಿ ಬಸ್ಸಿನಲ್ಲಿ ಕೆಲಸ ಮಾಡುವ ಮನುಷ್ಯ, ಬಡ್ತಿಗೋಸ್ಕರ ಓದುತ್ತಿದ್ದ. ನನ್ನನ್ನು ಟೀಚರ್ ಎಂದು ಕರೆಯುತ್ತಿದ್ದ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದುಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮೇಷ್ಟ್ರು ಕೆಮ್ಮಿದರೆ ಅದನ್ನೂ ಬರೆದುಕೊಳ್ಳುತ್ತಾನೆ ಎಂದು ನಾನು ರೇಗಿಸುತ್ತಿದ್ದೆ.

ಆ ವರ್ಷ ಮೇಷ್ಟ್ರು ಹೊಸದೊಂದು ಕೆಲಸ ಕೊಟ್ಟರು. ಇಬ್ಬಿಬ್ಬರು ಜೊತೆಯಾಗಿ ಒಂದು ಪ್ರಾಜೆಕ್ಟ್ ಮಾಡಬೇಕು. ನಮ್ಮ ನಮ್ಮ ಕೆಲಸದಲ್ಲಿ ಅಳೆಯುವಂಥದ್ದು ಏನಾದರೂ ಆರಿಸಿಕೊಳ್ಳಬೇಕು. ಮೂವತ್ತು ಅಳತೆ ತೆಗೆದು, ಒಂದು ವಾರ ಬಿಟ್ಟು ಅದನ್ನೇ ಮತ್ತೊಮ್ಮೆ ಅಳೆಯಬೇಕು. ಎರಡರ ನಡುವೆ ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಬರೆಯಬೇಕು.

“ಎಷ್ಟೇ ಹುಷಾರಾಗಿ ಅಳೆದ್ರೂ ಒಂಚೂರು ಹೆಚ್ಚು ಕಡಿಮೆ ಆಗೇ ಆಗುತ್ತೆ,” ಎಂದರು ಮೇಷ್ಟ್ರು. “ಕೆಲವು ಸಲ ಹೆಚ್ಚು, ಕೆಲವು ಸಲ ಕಡಿಮೆ. ಸರಾಸರಿ ತಗೊಂಡ್ರೆ ಸೊನ್ನೆ ಹತ್ರ ಬರುತ್ತೆ. ಅದನ್ನ ನೀವೇ ಕಣ್ಣಾರೆ ನೋಡ್ಬೇಕು.”

ನನಗೆ ಕುಣಿದಾಡುವಷ್ಟು ಖುಷಿ. ಚೆಂಡಿಲ್ಲ, ಚೀಲವಿಲ್ಲ. ಅಳತೆ! ಅಂಗಡಿಗೆ ಬಟ್ಟೆ ಕೊಡಲು ಬಂದಾಗ ಒಂದು ಸಲ ಸೊಂಟ ಅಳೆಯುವುದು, ವಾರದ ಮೇಲೆ ಟ್ರಯಲ್‌ಗೆ ಬಂದಾಗ ಇನ್ನೊಂದು ಸಲ. “ಟೀಚರ್, ನಮ್ದು ಪಾಸಾದ ಹಾಗೇ,” ಎಂದ ಕಂಡಕ್ಟರ್.

ಇಲ್ಲಿ ನಮ್ಮ ಅಂಗಡಿಯ ಗುಟ್ಟೊಂದನ್ನು ಹೇಳಲೇಬೇಕು. ಅಂಗಡಿ ನನ್ನದು ಮತ್ತು ನನ್ನ ಓರಗಿತ್ತಿಯದು. ನನ್ನ ಗಂಡನ ಅಣ್ಣನ ಹೆಂಡತಿ ಅವಳು, ನಾನು ಅಕ್ಕ ಎನ್ನುತ್ತೇನೆ. ಎರಡು ಮಿಷನ್ನು, ಅಂಚು ಹೊಲಿಯಲು ಒಂದು ಓವರ್‌ಲಾಕು, ಗೋಡೆಗೊಂದು ಆಳೆತ್ತರದ ಕನ್ನಡಿ. ನಾನು ಟೇಪು ಹಿಡಿದು ಅಳತೆ ಕೂಗುತ್ತೇನೆ, ಅವಳು ಅಳತೆ ಪುಸ್ತಕದಲ್ಲಿ ಬರೆಯುತ್ತಾಳೆ. ಹದಿನೈದು ವರ್ಷದ ಹಿಂದೆ ಒಬ್ಬ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ “ನಲವತ್ತು” ಎಂದು ಕೂಗಿದೆ. ಇದ್ದದ್ದೇ ನಲವತ್ತು. ಆಕೆ ಮುಖ ಕೆಂಪಗೆ ಮಾಡಿಕೊಂಡು, ಬಟ್ಟೆ ಬಾಚಿಕೊಂಡು ಹೋದವಳು ಮತ್ತೆ ನಮ್ಮ ಬೀದಿಗೇ ಕಾಲಿಡಲಿಲ್ಲ. ಆವತ್ತು ಓರಗಿತ್ತಿ ಒಂದು ಉಪಾಯ ತೆಗೆದಳು. “ಇನ್ಮೇಲೆ ಸೊಂಟದ ಅಳತೆ ಎರಡಿಂಚು ಕಡಿಮೆ ಕೂಗು. ನಾನು ಎರಡು ಸೇರಿಸಿ ಬರ್ಕೋತೀನಿ. ಬಟ್ಟೆ ಸರಿ ಇರುತ್ತೆ, ಅವರ ಮನಸ್ಸೂ ಸರಿ ಇರುತ್ತೆ.”

ಸುಳ್ಳಿಗೆ ಸುಖವಿಲ್ಲ ಎಂದವರು ನಮ್ಮ ಅಂಗಡಿಗೆ ಬಂದಿರಲಿಕ್ಕಿಲ್ಲ. ಬಾಯಲ್ಲಿ ಮೂವತ್ತೆರಡು, ಪುಸ್ತಕದಲ್ಲಿ ಮೂವತ್ತನಾಲ್ಕು. ಬಟ್ಟೆ ಮೈಗೆ ಅಂಟಿದ ಹಾಗೆ ಕೂರುತ್ತಿತ್ತು, ಗಿರಾಕಿ ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ ನಗುತ್ತ ಹೋಗುತ್ತಿದ್ದಳು. ಬೇರೆ ಅಂಗಡಿಯವರು ದಪ್ಪ ಹೇಳುತ್ತಾರೆ, ಇವರ ಟೇಪು ಸರಿಯಾಗಿದೆ ಎಂದು ನಮಗೆ ಹೆಸರೂ ಬಂತು! ಹದಿನೈದು ವರ್ಷದಲ್ಲಿ ಇದು ಎಷ್ಟು ರೂಢಿಯಾಯಿತೆಂದರೆ ನನ್ನ ನಾಲಗೆಗೆ ನಿಜವಾದ ಸೊಂಟ ಮರೆತೇ ಹೋಯಿತು. ಕಣ್ಣು ಮೂವತ್ತಾರು ನೋಡಿದರೆ ಬಾಯಿ ತಾನಾಗಿ ಮೂವತ್ತನಾಲ್ಕು ಎನ್ನುತ್ತಿತ್ತು.

ಪ್ರಾಜೆಕ್ಟಿನ ಮೊದಲ ಸುತ್ತು ಸಲೀಸಾಗಿ ನಡೆಯಿತು. ನಾನು ಕೂಗಿದೆ, ಓರಗಿತ್ತಿ ಎಂದಿನಂತೆ ಎರಡು ಸೇರಿಸಿ ಅಂಗಡಿ ಪುಸ್ತಕಕ್ಕೂ ಬರೆದಳು, ಪ್ರಾಜೆಕ್ಟಿನ ಹಾಳೆಗೂ ಬರೆದಳು. ಇಪ್ಪತ್ತೊಂಬತ್ತು ಗಿರಾಕಿಗಳಾದರು, ಅದರಲ್ಲಿ ಐದು ಜನ ನಮ್ಮ ತರಗತಿಯವರೇ. ಹನ್ನೊಂದನೇ ನಂಬರು ಸರಾಸರಿ ಮೇಷ್ಟ್ರ ಹೆಂಡತಿ, ಹತ್ತೊಂಬತ್ತನೇ ನಂಬರು ಕಂಡಕ್ಟರನ ಹೆಂಡತಿ. ಮೂವತ್ತಕ್ಕೆ ಒಂದು ಕಡಿಮೆ ಬಿತ್ತು. “ನಂದೇ ತಗೊಳ್ಳೇ” ಎಂದು ಓರಗಿತ್ತಿ ಎದ್ದು ನಿಂತಳು. ಟೇಪು ಸುತ್ತಿದೆ, “ಮೂವತ್ನಾಲ್ಕು” ಎಂದೆ. ಅವಳೇ ಕೂತು ಮೂವತ್ತನೇ ಸಾಲಿನಲ್ಲಿ ಬರೆದುಕೊಂಡಳು.

ಎರಡನೇ ಸುತ್ತಿನ ಹೊತ್ತಿಗೆ ಓರಗಿತ್ತಿಗೆ ಕಣ್ಣಿನ ಪೊರೆ ತೆಗೆಸಿದರು. ಕರಿ ಕನ್ನಡಕ ಹಾಕಿಕೊಂಡು ಮೂರು ವಾರ ಸುಮ್ಮನೆ ಕೂರಬೇಕು, ಓದುಬರಹ ಕೂಡದು ಎಂದರು ಡಾಕ್ಟರು. “ನಾನಿದ್ದೀನಲ್ಲ ಟೀಚರ್” ಎಂದು ಕಂಡಕ್ಟರ್ ಡ್ಯೂಟಿ ಮುಗಿಸಿಕೊಂಡು ಬಂದು ಹಾಳೆ ಹಿಡಿದು ಕೂತ. ಹೆಂಗಸರು ಟ್ರಯಲ್ ಮಾಡಿ ಹೊರಬಂದಂತೆ ನಾನು ಕೂಗಿದೆ, ಅವನು ಬರೆದ. ಓರಗಿತ್ತಿಯನ್ನೂ ಮನೆಯಲ್ಲಿ ಎಬ್ಬಿಸಿ ನಿಲ್ಲಿಸಿ ಅಳೆದೆ. ಕೊನೆಗೆ ಕೂಡಿ ಕಳೆದು ಗುಣಿಸುವುದನ್ನೆಲ್ಲ ಅವನೇ ಮಾಡಿ, ಹಾಳೆಗಳಿಗೆ ನೀಟಾಗಿ ಹೊಲಿಗೆ ಹಾಕಿ, ಮೇಷ್ಟ್ರ ಮೇಜಿನ ಮೇಲೆ ಇಟ್ಟುಬಂದ. ನಾನು ಆ ವಾರ ಎರಡು ಮಿಷನ್ನೂ ಒಬ್ಬಳೇ ತುಳಿಯುತ್ತಿದ್ದೆ, ತಿರುಗಿ ನೋಡಲಿಲ್ಲ.

ನಾಲ್ಕು ದಿನ ಕಳೆದು ಮೇಷ್ಟ್ರು ನಮ್ಮಿಬ್ಬರನ್ನೂ ಕರೆದರು. ಮುಖ ಒಣಗಿತ್ತು.

“ನೋಡಿಮ್ಮಾ, ನಾನು ಯಾರ ಮೇಲೂ ಅನುಮಾನ ಪಡೋನಲ್ಲ. ಆದ್ರೆ ಇದೇನಿದು? ಇಪ್ಪತ್ತೊಂಬತ್ತು ಜನ ಒಂದೇ ವಾರದಲ್ಲಿ ಎರಡಿಂಚು ಕರಗಿದ್ದಾರೆ. ಒಬ್ಬರಾದ್ರೂ ಹೆಚ್ಚಾಗ್ಬೇಕಲ್ಲ? ಎರಡು, ಎರಡು, ಒಂದೂವರೆ, ಎರಡು, ಎರಡೂವರೆ, ಎರಡು. ಸರಾಸರಿ ತಗೊಂಡ್ರೆ ಸರಿಯಾಗಿ ಎರಡು!”

“ಟ್ರಯಲ್ ಇದೆ ಅಂತ ಊಟ ಬಿಟ್ಟಿರ್ತಾರೆ ಸರ್,” ಎಂದ ಕಂಡಕ್ಟರ್. “ನಮ್ಮನೆಯವಳೂ ಎರಡಿಂಚು ಇಳಿದಿದ್ದಾಳೆ. ಹಾಳೆ ನೋಡಿ ನಾನು ಹೇಳಿದ್ದೇ ತಡ, ಮೂರು ದಿನದಿಂದ ಅದನ್ನೇ ಹೇಳ್ಕೊಂಡು ಓಡಾಡ್ತಿದ್ದಾಳೆ.”

ನನಗೆ ಅಲ್ಲೇ ಹೊಳೆಯಿತು. ಅಯ್ಯೋ ನನ್ನ ನಾಲಗೆಯೇ! ನಾನು ಎರಡು ಕಳೆದು ಕೂಗಿದ್ದೆ, ಸೇರಿಸುವವಳು ಕುರ್ಚಿಯಲ್ಲಿರಲಿಲ್ಲ. ಇಂಥ ತಪ್ಪನ್ನು ಈ ಭೂಮಿಯ ಮೇಲೆ ನಮ್ಮಿಬ್ಬರ ಅಂಗಡಿ ಬಿಟ್ಟು ಇನ್ನೆಲ್ಲಿ ಮಾಡುತ್ತಾರೆ?

“ಮುಂದಿನ ವಾರ ಮೌಖಿಕ ಪರೀಕ್ಷೆ,” ಎಂದರು ಮೇಷ್ಟ್ರು. “ಹೊರಗಿನಿಂದ ಪರೀಕ್ಷಕಿ ಬರ್ತಾರೆ. ತುಂಬಾ ಸ್ಟ್ರಿಕ್ಟು. ಅಂಕಿಗಳನ್ನ ಮನೇಲಿ ಕೂತು ಕಟ್ಟಿದ್ದೀರಿ ಅಂತ ಅನ್ನಿಸಿದ್ರೆ ಸೊನ್ನೆ ಹಾಕ್ತಾರೆ. ಸೊನ್ನೆ ಬಿದ್ರೆ ಪೇಪರ್ ಎಷ್ಟು ಚೆನ್ನಾಗಿ ಬರೆದಿದ್ರೂ ಪಾಸಿಲ್ಲ. ಏನಾದ್ರೂ ವಿವರಣೆ ಇದ್ರೆ ತಯಾರಿ ಮಾಡ್ಕೊಂಡು ಬನ್ನಿ.”

ಹೊರಗೆ ಬಂದು ಕಂಡಕ್ಟರನಿಗೆ ಎಲ್ಲವನ್ನೂ ಹೇಳಿದೆ. “ಅಂದ್ರೆ ನಮ್ಮನೆಯವಳು ಇಳಿದೇ ಇಲ್ವಾ?” ಎಂದ ಅವನು. “ಇದನ್ನ ಅವಳಿಗೆ ಯಾರು ಹೇಳೋರು?”

“ಯಾರೂ ಹೇಳೋದು ಬೇಡ. ನಿನ್ನ ಬಾಯಿಗೆ ಬೀಗ ಹಾಕ್ಕೋ.”

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಹದಿನೈದು ವರ್ಷದ ಅಂಗಡಿಯ ಹೆಸರು ಮಣ್ಣುಪಾಲು. ಹೇಳದಿದ್ದರೆ ಕಳ್ಳಿ ಎಂಬ ಹೆಸರಿನ ಜೊತೆಗೆ ಕೆಲಸವೂ ಹೋಗುತ್ತದೆ. ಮನೆಗೆ ಹೋಗಿ ಓರಗಿತ್ತಿಯ ಮುಂದೆ ಕೂತು ಅತ್ತುಬಿಟ್ಟೆ. ನಾನು ಸಾಮಾನ್ಯವಾಗಿ ಅಳುವವಳಲ್ಲ, ಬೈಯುವವಳು. ಅದಕ್ಕೇ ಅವಳಿಗೆ ಗಾಬರಿಯಾಯಿತು.

“ಅಂಗಡಿ ಗುಟ್ಟು ಅಂಗಡೀಲೇ ಇರ್ಲಿ,” ಎಂದಳು ಕರಿ ಕನ್ನಡಕ ಸರಿಪಡಿಸಿಕೊಂಡು. “ಆ ಹಳೇ ಬಟ್ಟೆ ಟೇಪು ಎಲ್ಲಿದೆ? ಟೇಪು ಎಳೆದು ಉದ್ದ ಆಗಿದ್ರೆ ಅಳತೆ ಕಡಿಮೆ ತೋರಿಸುತ್ತಲ್ವೇನೇ?”

ನನ್ನ ಅಳು ನಿಂತೇಹೋಯಿತು. ಎಂಥ ತಲೆ ಇವಳದು! ಎರಡನೇ ಸಲ ಹಳೆಯ ಟೇಪಿನಲ್ಲಿ ಅಳೆದೆ, ಅದು ಜಗ್ಗಿಹೋಗಿತ್ತು, ನನಗೆ ಗೊತ್ತಾಗಲಿಲ್ಲ. ಮುಗಿಯಿತು ಕಥೆ. ಕೆಲಸವೂ ಉಳಿಯಿತು, ಅಂಗಡಿಯೂ ಉಳಿಯಿತು. ತೊಂದರೆಯೆಂದರೆ ಹಳೆಯ ಟೇಪನ್ನು ಹುಡುಕಿ ತೆಗೆದರೆ ಅದು ಒಂದು ಕೂದಲೆಳೆಯಷ್ಟೂ ಜಗ್ಗಿರಲಿಲ್ಲ. ಅದನ್ನು ಒದ್ದೆ ಮಾಡಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಗೆ ಇಸ್ತ್ರಿ ಪೆಟ್ಟಿಗೆ ನೇತುಹಾಕಿದೆವು. ಎರಡು ದಿನ ಹಾಗೇ ನೇತಾಡಿತು. ಬಟ್ಟೆ ಇಸ್ತ್ರಿ ಮಾಡಬೇಕಾದಾಗ ಪೆಟ್ಟಿಗೆ ಬಿಚ್ಚುವುದು, ಆಮೇಲೆ ಮತ್ತೆ ಕಟ್ಟುವುದು. ಓರಗಿತ್ತಿ ಎದ್ದಾಗಲೆಲ್ಲ ಬಂದು ಅದನ್ನು ಒಮ್ಮೆ ಕೆಳಗೆ ಜಗ್ಗಿ ಹೋಗುತ್ತಿದ್ದಳು. ಮೂರನೇ ದಿನ ನೋಡಿದರೆ ಸೊಗಸಾಗಿ ಜಗ್ಗಿತ್ತು. ಮೂವತ್ತನಾಲ್ಕಿದ್ದಲ್ಲಿ ಮೂವತ್ತೆರಡು ತೋರಿಸುತ್ತಿತ್ತು. ನಾವಿಬ್ಬರೂ ಚಿಕ್ಕ ಮಕ್ಕಳ ಹಾಗೆ ಬಿದ್ದು ಬಿದ್ದು ನಕ್ಕೆವು.

ಪರೀಕ್ಷೆಯ ದಿನ ಎರಡನೇ ಮಹಡಿಯ ಕೊಠಡಿಯಲ್ಲಿ ತರಗತಿಯವರೆಲ್ಲ ಕೂತಿದ್ದರು. ಒಬ್ಬರ ಪ್ರಾಜೆಕ್ಟನ್ನು ಎಲ್ಲರೂ ಕೇಳಬೇಕೆಂಬುದು ಮೇಷ್ಟ್ರ ನಿಯಮ. ಓರಗಿತ್ತಿ ಕರಿ ಕನ್ನಡಕದಲ್ಲೇ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಬೇಡ ಎಂದರೂ ಕೇಳಲಿಲ್ಲ, “ಟೇಪಿಗೆ ಸಾಕ್ಷಿ ಬೇಕಾದ್ರೆ?” ಎಂದಳು. ಪರೀಕ್ಷಕಿ ಬಿಳಿ ಕೂದಲಿನ, ಚಿಕ್ಕ ಕಣ್ಣಿನ ಹೆಂಗಸು. ಹಾಕಿದ್ದ ಸ್ಕರ್ಟಿನ ಸೊಂಟದ ಪಟ್ಟಿ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಯಾರೋ ದುಡುಕಿನವರು ಹೊಲಿದದ್ದು. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು.

“ಇಪ್ಪತ್ತೊಂಬತ್ತು ಜನ, ಒಂದೇ ವಾರ, ಎರಡೆರಡಿಂಚು,” ಎಂದರು ಆಕೆ ಹಾಳೆ ತಿರುವಿ. “ಎಲ್ಲಿದೆ ಈ ಅಂಗಡಿ? ನಾನೂ ಬರ್ತೀನಿ.”

ತರಗತಿ ಗೊಳ್ಳೆಂದು ನಕ್ಕಿತು. ನಾನು ಟೇಪು ತೆಗೆದು ಮೇಜಿನ ಮೇಲಿಟ್ಟು, ಕಲಿತು ಬಂದದ್ದನ್ನು ಒಪ್ಪಿಸಿದೆ. ಆಕೆ ಅದನ್ನು ತಮ್ಮ ಸ್ಕೇಲಿಗೆ ಹಿಡಿದು ನೋಡಿ, “ಹೌದು, ಜಗ್ಗಿದೆ” ಎಂದರು. ಹಿಂದಿನಿಂದ ಓರಗಿತ್ತಿ ಗೆದ್ದವಳಂತೆ ಕೆಮ್ಮಿದಳು. ಸರಾಸರಿ ಮೇಷ್ಟ್ರ ಮುಖದಲ್ಲಿ ರಕ್ತ ವಾಪಸು ಬಂತು.

ಪರೀಕ್ಷಕಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. “ನಾಲ್ಕನೇ ನಂಬರ್ ನೋಡಿ. ಇಪ್ಪತ್ತಾರು ಇತ್ತು, ಇಪ್ಪತ್ನಾಲ್ಕಾಯ್ತು. ಇಪ್ಪತ್ತೆರಡನೇ ನಂಬರ್ ನೋಡಿ. ನಲವತ್ತಾರು ಇತ್ತು, ನಲವತ್ನಾಲ್ಕಾಯ್ತು. ಟೇಪು ಜಗ್ಗಿದ್ರೆ ದಪ್ಪ ಇದ್ದೋರಿಗೆ ಜಾಸ್ತಿ ಇಳೀಬೇಕು, ಸಣ್ಣ ಇದ್ದೋರಿಗೆ ಕಡಿಮೆ ಇಳೀಬೇಕು. ಅಲ್ವಾ?”

ಹೌದಲ್ಲ! ಇಲಾಸ್ಟಿಕ್ ಹೊಲಿಯುವ ಪ್ರತಿಯೊಬ್ಬ ಹುಡುಗಿಗೂ ನಾನೇ ಹೇಳಿಕೊಟ್ಟ ಪಾಠವಿದು. ಉದ್ದ ಹೆಚ್ಚಾದಷ್ಟೂ ಜಗ್ಗುವುದು ಹೆಚ್ಚು. ನನ್ನ ಪಾಠ ನನಗೇ ಹೊಳೆಯಲಿಲ್ಲ. ಆಶ್ಚರ್ಯವೆಂದರೆ ಆ ಗಾಬರಿಯಲ್ಲೂ ನನಗೆ ಒಂಥರಾ ಸಂತೋಷವಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಅಂಕಿಗಳು ನನ್ನ ಜೊತೆ ಮಾತಾಡಿದ್ದವು.

“ಮತ್ತೆ ಈ ಮೂವತ್ತನೇ ನಂಬರ್,” ಎಂದು ಆಕೆ ಪೆನ್ನಿನಿಂದ ಕುಟ್ಟಿದರು. “ಮೊದಲ್ನೇ ಸಲ ಮೂವತ್ನಾಲ್ಕು. ಎರಡನೇ ಸಲಾನೂ ಮೂವತ್ನಾಲ್ಕು. ಇವರೊಬ್ಬರಿಗೆ ಟೇಪು ಜಗ್ಗೋದು ಬೇಡ ಅಂತ ಹೇಳಿತ್ತಾ?”

ಯಾರೂ ನಗಲಿಲ್ಲ. ಆಕೆಯ ಪೆನ್ನು ಅಂಕಪಟ್ಟಿಯ ಮೇಲಿತ್ತು. ಆ ಪೆನ್ನು ಬಾಗಿದರೆ ನನ್ನ ಬೆಳಗಿನ ಪಾಠ, ಕಟಿಂಗ್ ಮೇಜಿನ ಸುತ್ತ ನಿಂತು ಟೀಚರ್ ಟೀಚರ್ ಎನ್ನುವ ಹುಡುಗಿಯರು, ಎಲ್ಲಕ್ಕೂ ಅಲ್ಲಿಗೆ ಮಂಗಳ. ಕಂಡಕ್ಟರ್ ತಪ್ಪು ಕೇಳಿಸಿಕೊಂಡ ಎಂದು ಹೇಳಿಬಿಡಲೇ ಎಂಬ ಹಾಳು ಯೋಚನೆಯೂ ಒಮ್ಮೆ ಬಂತು, ಸುಳ್ಳು ಹೇಳುವುದಿಲ್ಲ. ತಿರುಗಿ ನೋಡಿದರೆ ಅವನು ಎರಡೂ ಕೈ ಮಡಿಚಿಕೊಂಡು ನನ್ನನ್ನೇ ನೋಡುತ್ತಿದ್ದ. ಪಾಪದ ಪ್ರಾಣಿ, ಕೇಳಿದ್ದನ್ನು ಕೇಳಿದ ಹಾಗೆ ಬರೆದದ್ದು ಬಿಟ್ಟು ಇನ್ನೇನು ಮಾಡಿದ್ದ?

“ಟೇಪಿನ ತಪ್ಪಲ್ಲ ಮೇಡಂ,” ಎಂದೆ. “ಅದನ್ನ ನಾವೇ ಇಸ್ತ್ರಿ ಪೆಟ್ಟಿಗೆ ಕಟ್ಟಿ ಜಗ್ಗಿದ್ದು. ತಪ್ಪು ನನ್ನ ಬಾಯಿದು.”

ಹೇಳಲು ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ನಲವತ್ತರ ಗಿರಾಕಿಯಿಂದ ಹಿಡಿದು ಪೊರೆ ತೆಗೆಸಿದ್ದರವರೆಗೆ ಎಲ್ಲವನ್ನೂ ಹೇಳಿದೆ. ಮೊದಲ ಸುತ್ತಿನದು ನಿಜವಾದ ಅಳತೆ, ಎರಡನೆಯದು ನನ್ನ ಬಾಯಿಯ ಅಳತೆ, ನಡುವಿನ ಎರಡಿಂಚು ಬರೀ ಉಪಚಾರ ಎಂದೆ. ನನ್ನ ಎಡಕ್ಕಿದ್ದ ಬೆಂಚಿನಲ್ಲಿ ಗುಸುಗುಸು ಎದ್ದಿತು. “ಹಾಗಾದ್ರೆ ನಂದು ಮೂವತ್ತಲ್ವಾ?” ಎಂದು ಒಬ್ಬಳು ಜೋರಾಗಿಯೇ ಕೇಳಿದಳು. “ನನ್ನ ಹೆಂಡ್ತೀದು...” ಎಂದು ಶುರುಮಾಡಿದ ಮೇಷ್ಟ್ರು ಬುದ್ಧಿವಂತರು, ಅಲ್ಲಿಗೇ ನಿಲ್ಲಿಸಿದರು.

ಪರೀಕ್ಷಕಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಇದು ಇಪ್ಪತ್ತೊಂಬತ್ತಕ್ಕೆ ಉತ್ತರ. ಮೂವತ್ತನೇದಕ್ಕೆ?”

ಮೊಸರಿನಲ್ಲಿ ಕಲ್ಲು ಹುಡುಕುವ ಹೆಂಗಸು. ನಾನು ಹಿಂದಿನ ಬೆಂಚಿನ ಕಡೆ ನೋಡಿದೆ. ಕರಿ ಕನ್ನಡಕದ ಹಿಂದೆ ಕಣ್ಣು ಕಾಣಿಸುತ್ತಿರಲಿಲ್ಲ. ಅಂಗಡಿಯ ಗುಟ್ಟು ಹೇಳಿದ್ದು ಸುಲಭವಾಗಿತ್ತು. ಇದು ಹಾಗಲ್ಲ, ಇದು ಮನೆಯ ಗುಟ್ಟು.

“ಅದು ನನ್ನ ಓರಗಿತ್ತೀದು,” ಎಂದೆ. “ಅವಳಿಗೂ ನಾನು ಎರಡು ಕಡಿಮೆನೇ ಕೂಗೋದು. ತನ್ನದನ್ನ ಮಾತ್ರ ನಾನು ನಿಜ ಹೇಳ್ತೀನಿ ಅಂದ್ಕೊಂಡು ಅವಳು ಸೇರಿಸದೆ ಬರ್ಕೋತಾಳೆ. ಅದಕ್ಕೇ ಎರಡು ಸಲಾನೂ ಒಂದೇ ಇದೆ.”

“ಅವರಿಗೆ ಯಾಕೆ?”

“ಎಂಟು ವರ್ಷದ ಹಿಂದೆ ದೊಡ್ಡ ಕಾಯಿಲೆ ಬಂದಿತ್ತು ಮೇಡಂ. ಔಷಧಿಗೆ ಮೈಯೆಲ್ಲಾ ಊದ್ಕೊಂಡಿತ್ತು. ಒಂದಿನ ಕನ್ನಡಿ ಮುಂದೆ ನಿಂತು, ಅಳತೆ ತೆಗೆಯೇ, ನಾನು ಮೊದಲಿನ ಹಾಗೇ ಇದ್ದೀನಾ ಅಂತ ಕೇಳಿದ್ಲು. ಮೂವತ್ನಾಲ್ಕು ಅಕ್ಕ, ಏನೂ ಹೆಚ್ಚಾಗಿಲ್ಲ ಅಂದೆ. ಆವತ್ತು ಇನ್ನೇನು ಹೇಳೋಕಾಗ್ತಿತ್ತು? ಒಂದ್ಸಲ ಹೇಳಿದ್ಮೇಲೆ ಆಮೇಲೂ ಅದನ್ನೇ ಹೇಳ್ಬೇಕಾಯ್ತು. ಅವಳ ಬಟ್ಟೆ ನಾನೇ ಕತ್ತರಿಸೋದು, ಎರಡಿಂಚು ಹೆಚ್ಚು ಬಿಟ್ಟು ಕತ್ತರಿಸ್ತೀನಿ.”

ಬೆಂಚು ಕಿರ್ರೆಂದಿತು. ಓರಗಿತ್ತಿ ಎದ್ದು ನಿಂತಿದ್ದಳು. ಡಾಕ್ಟರು ತೆಗೆಯಬೇಡಿ ಎಂದಿದ್ದ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದಿದ್ದಳು.

“ಹಾಗಾದ್ರೆ ನಂದೆಷ್ಟೇ?”

“ಮೂವತ್ತಾರು ಅಕ್ಕ.”

ಅವಳು ಕೋಪದಲ್ಲಿ ನನ್ನ ಮಾನ ಹರಾಜು ಹಾಕುತ್ತಾಳೆ ಎಂದುಕೊಂಡೆ. ಹಾಕಿದ್ದರೂ ತಪ್ಪಿರಲಿಲ್ಲ. ಇಡೀ ಕೊಠಡಿ ಅವಳ ಸೊಂಟವನ್ನೇ ನೋಡುತ್ತಿತ್ತು. ಅವಳು ಬೆಂಚುಗಳ ನಡುವೆ ನಿಧಾನಕ್ಕೆ ನಡೆದು ಬಂದು, ಪರೀಕ್ಷಕಿಯ ಮುಂದೆ ನಿಂತು, ಆ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

“ತಿದ್ಕೊಳ್ಳಿ ಮೇಡಂ. ಮೂವತ್ನಾಲ್ಕು ಅಂತ ನಾನು ಬರೆದದ್ದು ತಪ್ಪು. ನಂದು ಮೂವತ್ತಾರು. ಈಗ ಮೂವತ್ತಕ್ಕೆ ಮೂವತ್ತೂ ಎರಡಿಂಚು ಬಂತಲ್ಲ, ಲೆಕ್ಕ ಸರಿಹೋಯ್ತಲ್ಲ? ಇವಳದ್ದು ಬಾಯಿ ಸ್ವಲ್ಪ ಜೋರು, ಆದ್ರೆ ಪಾಠ ಚೆನ್ನಾಗಿ ಹೇಳ್ತಾಳೆ. ಅವಳ ಕೆಲಸ ತೆಗೀಬೇಡಿ.”

ತುಂಬಿದ ಸಭೆಯಲ್ಲಿ ತನ್ನ ಸೊಂಟದ ಅಳತೆಯನ್ನು ತಾನೇ ಕೂಗಿ ಹೇಳಿದ ಹೆಂಗಸನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ.

ಪರೀಕ್ಷಕಿ ಹಾಳೆ ಮುಚ್ಚಿದರು. “ಈ ವರ್ಷ ನೂರಾರು ಪ್ರಾಜೆಕ್ಟ್ ನೋಡಿದ್ದೀನಿ,” ಎಂದರು. “ಎಲ್ಲರದ್ದೂ ಸೊನ್ನೆ ಹತ್ರ ಬಂದಿತ್ತು. ಅರ್ಧದಷ್ಟು ಜನ ಅಳೆದೇ ಇಲ್ಲ ಅಂತ ನಂಗೆ ಗೊತ್ತು. ನಿಮ್ದು ಪೂರ್ತಿ ತಪ್ಪು. ಆದ್ರೆ ತಪ್ಪು ಎಲ್ಲಿಂದ ಬಂತು, ಎಷ್ಟು ಬಂತು, ಯಾರಿಗೆ ಬರ್ಲಿಲ್ಲ, ಯಾಕೆ ಬರ್ಲಿಲ್ಲ ಅಂತ ಒಂದೊಂದೂ ಹೇಳಿದ್ರಿ. ನಾನು ಕಲಿಸೋಕೆ ಒದ್ದಾಡೋದು ಇದನ್ನೇ. ಇಬ್ಬರೂ ಪಾಸು. ಟೇಪಿನ ಕಥೆಗೆ ಮಾತ್ರ ಹತ್ತು ಅಂಕ ಕಳೀತೀನಿ.” ಆಮೇಲೆ ತಮ್ಮ ಸ್ಕರ್ಟಿನ ಪಟ್ಟಿಯನ್ನು ಒಮ್ಮೆ ಮೇಲೆಳೆದುಕೊಂಡು, ಸಣ್ಣ ದನಿಯಲ್ಲಿ, “ಅಂಗಡಿ ಎಷ್ಟೊತ್ತಿನವರೆಗೆ ತೆಗೆದಿರುತ್ತೆ?” ಎಂದರು.

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಓರಗಿತ್ತಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ನಾನು ಎರಡು ಸಲ ಅಕ್ಕ ಎಂದೆ, ಅವಳು ಎರಡು ಸಲವೂ ಅಂಗಡಿಗಳ ಬೋರ್ಡು ಓದುವವಳಂತೆ ಮುಖ ತಿರುಗಿಸಿದಳು. ನಮ್ಮ ಹಿಂದೆಯೇ ತರಗತಿಯ ಆ ಐದು ಜನ ಬರುತ್ತಿದ್ದರು. ತಮ್ಮ ನಿಜವಾದ ಅಳತೆ ಈಗಿಂದೀಗಲೇ ತಿಳಿಯಬೇಕಂತೆ, ಇಲ್ಲದಿದ್ದರೆ ಬಿಡುವುದಿಲ್ಲವಂತೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಬಾಗಿಲು ತೆಗೆದೆ. ಎಲ್ಲರೂ ಹೊಸ್ತಿಲಲ್ಲಿ ಸಾಲಾಗಿ ನಿಂತರು.

“ಒಂದು ನಿಮಿಷ ನಿಲ್ರಮ್ಮಾ,” ಎಂದಳು ಓರಗಿತ್ತಿ, ಮೊಳೆಯಿಂದ ಟೇಪು ತೆಗೆಯುತ್ತ. “ಮೊದಲು ಇವಳದ್ದಾಗ್ಲಿ. ಕೈ ಎತ್ತೇ.”

“ನಂದ್ಯಾಕೆ? ನಂದು ಮೂವತ್ತೆರಡು ಅಂತ ಗೊತ್ತಲ್ಲ.”

“ಹೌದಾ? ಯಾರು ಹೇಳಿದ್ದು?”

ಯಾರು ಹೇಳಿದ್ದು? ನನ್ನ ಅಳತೆ ತೆಗೆಯುವವಳು ಅವಳು. ನನ್ನ ಬಟ್ಟೆ ಕತ್ತರಿಸುವವಳೂ ಅವಳೇ. ಅಂಗಡಿ ತೆರೆದ ದಿನದಿಂದ ನನ್ನ ಸೊಂಟಕ್ಕೆ ಇನ್ನೊಬ್ಬರು ಟೇಪು ಸುತ್ತಿಲ್ಲ.

“ಬೇರೆಯವರಿಗಾದ್ರೆ ಎರಡು ಸಾಕು,” ಎಂದಳು ಅವಳು ಟೇಪನ್ನು ನನ್ನ ಸುತ್ತ ತಂದು ಬಿಗಿದು. “ನಿನ್ನ ಸಿಟ್ಟಿಗೆ ಹೆದರಿ ನಾಲ್ಕೂವರೆ ಕಳೀತಿದ್ದೆ.” ಆಮೇಲೆ ಬಾಗಿಲ ಕಡೆ ತಿರುಗಿ, ಬೀದಿಯ ಆಚೆ ಕಡೆಗೂ ಕೇಳುವಂತೆ ಕೂಗಿದಳು: “ಮೂವತ್ತಾರೂವರೆ!”

ಅವಳಿಗಿಂತ ಅರ್ಧ ಇಂಚು ಹೆಚ್ಚು. ಹೊಸ್ತಿಲಲ್ಲಿದ್ದ ಐದೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಓರಗಿತ್ತಿ ಅಳತೆ ಪುಸ್ತಕವನ್ನೂ ಪೆನ್ನನ್ನೂ ನನ್ನ ಕೈಗೆ ತುರುಕಿದಳು.

“ಬರ್ಕೋ,” ಎಂದಳು.